ಬರಲಿರುವ ಆವೃತ್ತಿ, ನಿಂತುಹೋದ ಕಾರ್ಖಾನೆ: ಪುಣೆಯ ಒಂದು ಪ್ರಕರಣ ಅಧ್ಯಯನ

ಫ್ಯಾಕ್ಟೋರಿಯೋ ಎಂಬ ಕಂಪ್ಯೂಟರ್ ಆಟದ ಹೊಸ ಆವೃತ್ತಿಗಾಗಿ ಪುಣೆಯ ಪಿಂಪ್ರಿ-ಚಿಂಚವಡ ಭಾಗದ ಐವರು ಕನ್ನಡಿಗರು 2023ರ ಆಗಸ್ಟ್‌ನಿಂದ 2024ರ ಅಕ್ಟೋಬರ್‌ವರೆಗೆ ಹೇಗೆ ಕಾದರು, ಆ ಅವಧಿಯಲ್ಲಿ ಅವರ ಕೈಯಲ್ಲಿದ್ದ ಹಳೆಯ ಆಟಕ್ಕೆ ಏನಾಯಿತು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಆಟ ತಡವಾಯಿತು, ತಯಾರಕರು ಮಾತಿಗೆ ತಪ್ಪಿದರು ಎಂಬ ದೂರು ಈ ಪ್ರಕರಣದಲ್ಲಿ ಇಲ್ಲ. ಸುಮಾರು ಒಂದು ವರ್ಷ ಬೇಕು ಎಂದವರು ಹದಿನಾಲ್ಕು ತಿಂಗಳಲ್ಲಿ ಕೊಟ್ಟರು. ಸ್ವತಂತ್ರ ತಯಾರಕರ ಲೋಕದಲ್ಲಿ ಇದನ್ನು ಸಮಯಪಾಲನೆ ಎಂದೇ ಕರೆಯಬೇಕು. ಆದರೂ ಗುಂಪಿನ ಆಟ ನಡುವೆ ತಿಂಗಳುಗಟ್ಟಲೆ ನಿಂತುಹೋಯಿತು, ಮತ್ತು ಅದನ್ನು ನಿಲ್ಲಿಸಬೇಕೆಂದು ಯಾರೊಬ್ಬರೂ ತೀರ್ಮಾನಿಸಿರಲಿಲ್ಲ. ನಾನು ಈ ಗುಂಪಿನಲ್ಲಿ ಆಡಿದವನಲ್ಲ. ಉತ್ಪಾದನಾ ಯೋಜನೆ ನನ್ನ ವೃತ್ತಿ. ಗುಂಪಿನ ಇಬ್ಬರು ನನ್ನ ನೆರೆಮನೆಯವರು. ಹೆಸರುಗಳನ್ನು ಬಿಟ್ಟು, ಅವರು ಒಬ್ಬರನ್ನೊಬ್ಬರು ಕರೆಯುವ ಬಗೆಯಲ್ಲೇ ಗುರುತಿಸಿದ್ದೇನೆ.

ಹಿನ್ನೆಲೆ

ಪ್ರಾಗ್ ನಗರದ ವೂಬೆ ಸಾಫ್ಟ್‌ವೇರ್ ಎಂಬ ಸಣ್ಣ ಸಂಸ್ಥೆ ಈ ಆಟದ ತಯಾರಕ. ಮಿಖಾಲ್ ಕೊವಾರ್ಝಿಕ್ ಆರಂಭಿಸಿದ ಈ ಆಟಕ್ಕೆ 2013ರಲ್ಲಿ ಸಾರ್ವಜನಿಕರಿಂದ ಮುಂಗಡ ಹಣ ಸಂಗ್ರಹಿಸಲಾಯಿತು, 2016ರ ಫೆಬ್ರುವರಿಯಲ್ಲಿ ಅದು ಅಪೂರ್ಣ ರೂಪದಲ್ಲೇ ಸ್ಟೀಮ್ ಎಂಬ ಆನ್‌ಲೈನ್ ಆಟಗಳ ಮಳಿಗೆಗೆ ಬಂತು, 1.0 ಆವೃತ್ತಿ ಹೊರಬಿದ್ದದ್ದು 2020ರ ಆಗಸ್ಟ್ 14ರಂದು. ಆ ದಿನಾಂಕಕ್ಕೂ ಒಂದು ಕಥೆಯಿದೆ. ಮೊದಲು ಸೆಪ್ಟೆಂಬರ್ 25 ಎಂದು ಗೊತ್ತುಮಾಡಿದ್ದ ವೂಬೆ, ಸೈಬರ್‌ಪಂಕ್ 2077 ಎಂಬ ಭಾರಿ ಆಟ ಅದೇ ಹೊತ್ತಿಗೆ ಬರಲಿದೆ ಎಂದು ತಿಳಿದು ತನ್ನ ದಿನವನ್ನು ಆರು ವಾರ ಹಿಂದಕ್ಕೆ ಎಳೆದುಕೊಂಡಿತು. ಆ ಭಾರಿ ಆಟ ಮಾತ್ರ ಮುಂದೆ ಮುಂದೆ ಹೋಗುತ್ತ ಡಿಸೆಂಬರ್‌ಗೆ ಬಂತು.

ಆಟದ ತಿರುಳು ಇಷ್ಟು. ಅಪರಿಚಿತ ಗ್ರಹವೊಂದರಲ್ಲಿ ಬಿದ್ದವನು ಅದಿರು ಅಗೆದು, ಕರಗಿಸಿ, ಬೆಲ್ಟ್‌ಗಳ ಮೇಲೆ ಸಾಗಿಸಿ, ಯಂತ್ರಗಳಿಂದ ಯಂತ್ರಗಳನ್ನು ಮಾಡಿಸಿ, ಕೊನೆಗೆ ರಾಕೆಟ್ ಹಾರಿಸುವ ಮಟ್ಟದ ಕಾರ್ಖಾನೆ ಕಟ್ಟಬೇಕು. ಹಲವರು ಕೂಡಿ ಆಡುವಾಗ ಈ ಆಟದ ಒಂದು ಗುಣ ಮುಖ್ಯವಾಗುತ್ತದೆ. ಇಲ್ಲಿ ಎಲ್ಲರನ್ನೂ ಜೋಡಿಸುವ ಕಂಪ್ಯೂಟರ್, ಅಂದರೆ ಸರ್ವರ್, ಲೆಕ್ಕ ಹಾಕಿ ಉಳಿದವರಿಗೆ ಚಿತ್ರ ಕಳಿಸುವುದಿಲ್ಲ. ಪ್ರತಿಯೊಬ್ಬರ ಕಂಪ್ಯೂಟರೂ ಇಡೀ ಕಾರ್ಖಾನೆಯನ್ನು ಸೆಕೆಂಡಿಗೆ 60 ಸಲ ತಾನೇ ಲೆಕ್ಕ ಹಾಕುತ್ತದೆ, ಮತ್ತು ಎಲ್ಲರ ಉತ್ತರವೂ ಒಂದೇ ಆಗಿರಬೇಕು. ಆದ್ದರಿಂದ ಎಲ್ಲರ ಬಳಿಯೂ ಒಂದೇ ಆವೃತ್ತಿ, ಒಂದೇ ಮಾಡ್‌ಗಳು (ಆಟಕ್ಕೆ ಹೊರಗಿನವರು ಮಾಡಿದ ಸೇರ್ಪಡೆಗಳು) ಇರಬೇಕು. ಒಬ್ಬರ ಯಂತ್ರ ನಿಧಾನವಾದರೆ ಅವರು ಹಿಂದೆ ಬೀಳುತ್ತಾರೆ. ಹೊಸ ಆವೃತ್ತಿ ಬಂದಾಗ ‘ನೀವು ಅದನ್ನಾಡಿ, ನಾನು ಇದನ್ನಾಡುತ್ತೇನೆ’ ಎನ್ನುವ ಸವಲತ್ತು ಕೂಡಿ ಆಡುವವರಿಗೆ ಇಲ್ಲ.

ಗುಂಪಿನ ಐವರಲ್ಲಿ ಹಿರಿಯರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ವಿಜಯಪುರದ ಕಡೆಯವರಾದ ಅವರು ಚಾಕಣದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ವಿಭಾಗದಲ್ಲಿದ್ದಾರೆ. ಅಕ್ಕ ಧಾರವಾಡದವರು, ಭೋಸರಿಯಲ್ಲಿ ಪ್ರೊಡಕ್ಷನ್ ಪ್ಲಾನಿಂಗ್ ನೋಡಿಕೊಳ್ಳುತ್ತಾರೆ. ಸರ್ವರ್ ನಡೆಯುವುದು ನಿಗಡಿಯ ಅವರ ಮನೆಯ ಕಂಪ್ಯೂಟರಿನಲ್ಲಿ. ಅವರ ತಮ್ಮ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಆಟದಲ್ಲಿ ರೈಲುಗಳೆಲ್ಲ ಅವನ ವಶ. ನಾಲ್ಕನೆಯವನು ಪಾಳಿಯ ಕೆಲಸದವನು, ನಡುವೆ ಗೋವಾದ ವೆರ್ಣಾಕ್ಕೆ ವರ್ಗವಾಗಿ ಹೋದ. ಐದನೆಯವನು ಬೆಳಗಾವಿಯ ಹುಡುಗ, ಇಂಜಿನಿಯರಿಂಗ್ ವಿದ್ಯಾರ್ಥಿ. ಅಣ್ಣನಿಂದ ಬಂದ ಹಳೆಯ ಲ್ಯಾಪ್‌ಟಾಪು ಅವನದು. ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದು ರಾತ್ರಿ ಮತ್ತೆ ಕಾರ್ಖಾನೆ ಕಟ್ಟುವ ಈ ಜನರ ಬಗ್ಗೆ ಕಾಕಾರ ಮನೆಯವರು ಆಡುವ ಮಾತುಗಳು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

2023ರ ಮಳೆಗಾಲದ ಹೊತ್ತಿಗೆ ಅವರ ಕಾರ್ಖಾನೆ ರಾಕೆಟ್ ಹಾರಿಸಿ ಬಹಳ ಕಾಲವಾಗಿತ್ತು. ಈ ಆಟದವರು ತಮಗೆ ತಾವೇ ಹಾಕಿಕೊಳ್ಳುವ ಮುಂದಿನ ಗುರಿ, ಹೊಸ ವಿದ್ಯೆಗಳನ್ನು ಗಳಿಸಲು ಬೇಕಾದ ಪ್ರತಿಯೊಂದು ಬಗೆಯ ಸಂಶೋಧನಾ ಪೊಟ್ಟಣವನ್ನೂ ನಿಮಿಷಕ್ಕೆ 1000ದಂತೆ ತಯಾರಿಸುವುದು. ಅವರೂ ಅದನ್ನೇ ಹಿಡಿದಿದ್ದರು. ಅದಕ್ಕೆ ತಾಮ್ರದ ಅದಿರು ಅಪಾರವಾಗಿ ಬೇಕು. ಹತ್ತಿರದ ಗಣಿಗಳು ಬರಿದಾಗುತ್ತ ಬಂದಿದ್ದವು. ಆದ್ದರಿಂದ ದೂರದ ಗಣಿಗಳಿಗೆ ಹಳಿ ಹಾಕಿ ರೈಲಿನಲ್ಲಿ ತರುವ ಯೋಜನೆ ಸಿದ್ಧವಾಗಿತ್ತು.

ನಡೆದದ್ದು

2021ರ ಫೆಬ್ರುವರಿಯಲ್ಲೇ ವೂಬೆ ಒಂದು ದೊಡ್ಡ ವಿಸ್ತರಣೆಯ ಕೆಲಸ ಶುರುವಾಗಿದೆ ಎಂದು ತಿಳಿಸಿ ಬಹುಮಟ್ಟಿಗೆ ಸುಮ್ಮನಾಗಿತ್ತು. ಆ ಎರಡೂವರೆ ವರ್ಷ ಗುಂಪಿನಲ್ಲಿ ಆ ಸುದ್ದಿಯನ್ನು ಯಾರೂ ಎತ್ತಿದ್ದಿಲ್ಲ. 2023ರ ಆಗಸ್ಟ್ 25ರಂದು ಆ ವಿಸ್ತರಣೆಯ ಹೆಸರು ಸ್ಪೇಸ್ ಏಜ್ ಎಂದೂ, ಬೇರೆ ಬೇರೆ ಗ್ರಹಗಳಿಗೆ ಹೋಗಿ ಕಾರ್ಖಾನೆ ಕಟ್ಟಬಹುದೆಂದೂ ಪ್ರಕಟವಾಯಿತು. ಜೊತೆಗೆ, ಹಣ ಕೊಟ್ಟು ವಿಸ್ತರಣೆಯನ್ನು ಕೊಳ್ಳದವರಿಗೂ ಮೂಲ ಆಟದ ಸುಧಾರಣೆಗಳು 2.0 ಎಂಬ ಆವೃತ್ತಿಯಾಗಿ ಉಚಿತವಾಗಿ ಸಿಗಲಿದ್ದವು. ಅಂದಿನಿಂದ ಪ್ರತಿ ಶುಕ್ರವಾರ ಒಂದೊಂದು ಬದಲಾವಣೆಯನ್ನು ಚಿತ್ರ ಸಹಿತ ವಿವರಿಸುವ ಟಿಪ್ಪಣಿ ಬರತೊಡಗಿತು. ಫ್ರೈಡೇ ಫ್ಯಾಕ್ಟ್ಸ್ ಎಂಬ ಈ ಟಿಪ್ಪಣಿಗಳು ಅವರ ಹಳೆಯ ಪದ್ಧತಿ, 2013ರಿಂದಲೂ ಇದ್ದದ್ದು. ತಯಾರಕರು ಗ್ರಾಹಕರೊಂದಿಗೆ ಹೇಗೆ ಮಾತನಾಡಬೇಕು ಎಂಬುದಕ್ಕೆ ಅವುಗಳನ್ನು ಮಾದರಿಯಾಗಿ ತೋರಿಸುವವರಿದ್ದಾರೆ, ಮತ್ತು ಅದು ಸರಿಯೇ. ಆದರೆ ಈ ಗುಂಪಿನ ಮೇಲೆ ಅವು ಮಾಡಿದ ಪರಿಣಾಮ ಬೇರೆ.

ಸೆಪ್ಟೆಂಬರ್ 22ರ ಟಿಪ್ಪಣಿ ಹಳಿಗಳ ಬಗ್ಗೆ ಇತ್ತು. ಹಳೆಯ ಆಟದಲ್ಲಿ ಹಳಿ ಎಂಟು ದಿಕ್ಕಿಗೆ ಮಾತ್ರ ಹೋಗಬಲ್ಲದು. ತಿರುವು ದೊಡ್ಡದು, ಪಕ್ಕದ ಹಳಿಗೆ ಸ್ವಲ್ಪ ಸರಿಯಬೇಕಾದರೂ ಉದ್ದಕ್ಕೆ ಜಾಗ ಬೇಕು. ಹೊಸದರಲ್ಲಿ ಹದಿನಾರು ದಿಕ್ಕು, ಹೊಸ ಅಳತೆಯ ತಿರುವು. ಹಳೆಯ ಸೇವ್‌ಗಳಲ್ಲಿ, ಅಂದರೆ ಹಿಂದೆ ಆಡಿ ಉಳಿಸಿಟ್ಟ ಆಟಗಳಲ್ಲಿ, ಇರುವ ಹಳಿಗಳು ಉಳಿಯುತ್ತವೆ, ರೈಲುಗಳು ಅವುಗಳ ಮೇಲೆ ಓಡುತ್ತವೆ, ಆದರೆ ಹಳೆಯ ಬಗೆಯ ತಿರುವನ್ನು ಹೊಸದಾಗಿ ಹಾಕುವಂತಿಲ್ಲ. ಮರುವಾರ ಬಂದದ್ದು ಕಂಬಗಳ ಮೇಲೆ ಓಡುವ ಎತ್ತರದ ಹಳಿಗಳ ಸುದ್ದಿ. ತಮ್ಮ ಅದೇ ಶನಿವಾರ ಅರ್ಧ ಹಾಕಿದ್ದ ಹಳಿಯನ್ನು ಬಿಟ್ಟ. “ಇಷ್ಟೊಂದು ಹಳಿ ಹಾಕಿ ಏನ್ ಮಾಡೂದು ಕಾಕಾ, ಹೊಸಾದು ಬಂದ ಮ್ಯಾಲ ಎಲ್ಲಾ ಕಿತ್ತಬೇಕಲ್ಲ” ಎಂದು ಅವನು ಹೇಳಿದ ಮಾತು ಅಂದಿನ ಸಂಭಾಷಣೆಯ ಧ್ವನಿಮುದ್ರಣದಲ್ಲಿ ಇದೆ. ಡಿಸೆಂಬರ್‌ನಲ್ಲಿ ರೈಲಿನ ವೇಳಾಪಟ್ಟಿಯ ಟಿಪ್ಪಣಿ ಬಂದಾಗ ಅವನ ನಿಲುವು ಇನ್ನೂ ಗಟ್ಟಿಯಾಯಿತು. ಹಳೆಯ ಆಟದಲ್ಲಿ ರೈಲು ಕೊಟ್ಟ ಪಟ್ಟಿಯಂತೆ ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕೆ ಸುತ್ತುತ್ತಿರುತ್ತದೆ, ಅಷ್ಟೆ. ಹೊಸದರಲ್ಲಿ ಇಂಧನ ಕಡಿಮೆಯಾದರೆ ಪಟ್ಟಿಯನ್ನು ಬದಿಗಿಟ್ಟು ಇಂಧನದ ಸ್ಟೇಷನ್ನಿಗೆ ಹೋಗಿ ಬಾ ಎಂಬಂಥ ಷರತ್ತುಗಳನ್ನು ಕೊಡಬಹುದು.

ಇದರ ಪರಿಣಾಮ ಬೆಲ್ಟ್‌ಗಳ ಮೇಲೆ ಕಾಣಿಸಿತು. ತಾಮ್ರದ ತಗಡು ಹೊತ್ತು ಬರುವ ನಾಲ್ಕು ಬೆಲ್ಟ್‌ಗಳಲ್ಲಿ ಮೊದಲು ಒಂದರಲ್ಲಿ ನಡುನಡುವೆ ಖಾಲಿ ಜಾಗ ಕಂಡಿತು, ಆಮೇಲೆ ಎರಡರಲ್ಲಿ. ತಾಮ್ರದ ತಂತಿಯನ್ನು ಸಾಲುಸಾಲಾಗಿ ನುಂಗುವ ಹಸಿರು ಸರ್ಕೀಟಿನ ಯಂತ್ರಗಳು ಒಂದು ತುದಿಯಿಂದ ನಿಲ್ಲತೊಡಗಿದವು. ಹಸಿರು ಸರ್ಕೀಟಿಲ್ಲದೆ ಕೆಂಪು ಸರ್ಕೀಟಿಲ್ಲ, ಅದಿಲ್ಲದೆ ನೀಲಿಯಿಲ್ಲ, ನೀಲಿಯಿಲ್ಲದೆ ರಾಕೆಟ್ ಇಲ್ಲ. ನಿಮಿಷಕ್ಕೆ ನಾನೂರರ ಆಸುಪಾಸಿನಲ್ಲಿದ್ದ ಸಂಶೋಧನೆ ನೂರಕ್ಕಿಂತ ಕೆಳಗಿಳಿಯಿತು. ಆಡಲು ಬಂದವರಿಗೆ ಮಾಡಲು ಕೆಲಸವಿರಲಿಲ್ಲ, ಏಕೆಂದರೆ ಏನು ಮಾಡಹೊರಟರೂ ತಾಮ್ರವಿಲ್ಲ. ಪಾಳಿಯವನು ಮೊದಲು ಬರುವುದನ್ನು ಬಿಟ್ಟ, ಆಮೇಲೆ ವಿದ್ಯಾರ್ಥಿ. ದೀಪಾವಳಿಯ ನಂತರ ಶನಿವಾರಗಳಲ್ಲಿ ಸರ್ವರ್ ಹಾಕುವುದೇ ನಿಂತಿತು. ಗುಂಪಿನ ವಾಟ್ಸಾಪ್‌ನಲ್ಲಿ ಮಾತ್ರ ಹಿಂದೆಂದೂ ಇಲ್ಲದಷ್ಟು ಮಾತು, ಎಲ್ಲವೂ ಶುಕ್ರವಾರದ ಟಿಪ್ಪಣಿಯ ಕುರಿತು.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ನೋಡಬೇಕು. ಸುಧಾರಣೆಯನ್ನು ವಿವರಿಸುವ ಯಾವ ಟಿಪ್ಪಣಿಯೂ ಮೊದಲು ಇಂದಿನ ಆಟದ ಕೊರತೆಯನ್ನು ತೋರಿಸಿಯೇ ಮುಂದುವರಿಯಬೇಕಾಗುತ್ತದೆ: ಇದು ಹೀಗೆ ಕೆಟ್ಟದಾಗಿದೆ, ಆದ್ದರಿಂದ ಹೀಗೆ ಸರಿಪಡಿಸಿದ್ದೇವೆ. ಅದನ್ನು ವರ್ಷವಿಡೀ ವಾರಕ್ಕೊಂದರಂತೆ ಓದಿದವನ ಕೈಗೆ, ತಾನು ಸುಖವಾಗಿ ಆಡುತ್ತಿದ್ದ ಆಟದ ತಪ್ಪುಗಳ ಒಂದು ದೀರ್ಘ ಪಟ್ಟಿಯೇ ಸೇರುತ್ತದೆ, ಅದೂ ಆಟವನ್ನು ಮಾಡಿದವರದೇ ಸಹಿಯೊಂದಿಗೆ. ಇಕ್ಕಟ್ಟಿನ ತಿರುವುಗಳಲ್ಲಿ ಹಳಿ ಕೂರಿಸುವುದೇ ತಮ್ಮನಿಗೆ ಅಲ್ಲಿಯವರೆಗೆ ಆಟದ ಸ್ವಾರಸ್ಯವಾಗಿತ್ತು. ಸೆಪ್ಟೆಂಬರ್ 22ರ ನಂತರ ಅದೇ ಇಕ್ಕಟ್ಟು ಅವನಿಗೆ ದೋಷವಾಗಿ ಕಂಡಿತು. ಹಳಿಗಳು ಇದ್ದಲ್ಲೇ, ಇದ್ದಂತೆಯೇ ಇದ್ದವು.

ಮೌನದಲ್ಲಿ ಕಾಯುವವರ ಸ್ಥಿತಿಯನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಆಸ್ಟ್ರೇಲಿಯದ ಅಡಿಲೇಡ್ ನಗರದ ಟೀಮ್ ಚೆರಿ ಎಂಬ ಕೆಲವೇ ಜನರ ತಂಡ ಹಾಲೋ ನೈಟ್ ಆಟದ ಮುಂದಿನ ಭಾಗವಾದ ಸಿಲ್ಕ್‌ಸಾಂಗ್ ಅನ್ನು 2019ರ ಫೆಬ್ರುವರಿಯಲ್ಲಿ ಘೋಷಿಸಿ, 2022ರ ಜೂನ್‌ನಲ್ಲಿ ಇನ್ನು ಹನ್ನೆರಡು ತಿಂಗಳೊಳಗೆ ಬರುತ್ತದೆಂಬ ಭರವಸೆ ಮೂಡಿಸಿ, 2023ರ ಮೇಯಲ್ಲಿ ಅದನ್ನು ಹಿಂತೆಗೆದುಕೊಂಡು, ಮತ್ತೆ ಬಹುಕಾಲ ಏನೂ ಹೇಳದೆ, ಕೊನೆಗೆ ಎರಡೇ ವಾರದ ಮುನ್ಸೂಚನೆ ಕೊಟ್ಟು 2025ರ ಸೆಪ್ಟೆಂಬರ್ 4ರಂದು ಬಿಡುಗಡೆ ಮಾಡಿತು. ಕಾದವರು ಬೇಸತ್ತರು, ಗೇಲಿ ಮಾಡಿದರು. ಆದರೆ ಹಾಲೋ ನೈಟ್ ಆಡುತ್ತಿದ್ದವನಿಗೆ ಅದನ್ನು ಬಿಡಲು ಆ ಮೌನ ಒಂದು ಕಾರಣವನ್ನೂ ಕೊಡಲಿಲ್ಲ. ವೂಬೆಯ ಪ್ರಾಮಾಣಿಕ ವಾರವರದಿ ಕೊಟ್ಟಿತು. ಹಾಗೆಂದು ಮೌನವೇ ಮೇಲು ಎನ್ನುವುದು ನನ್ನ ವಾದವಲ್ಲ. ವರದಿ ಓದುವವನು ತನ್ನ ಕೈಯಲ್ಲಿರುವ ಕೆಲಸಕ್ಕೂ ಆ ವರದಿಗೂ ಏನು ಸಂಬಂಧ ಎಂದು ಪ್ರತಿ ಸಲ ಕೇಳಿಕೊಳ್ಳಬೇಕಾಗುತ್ತದೆ, ಮತ್ತು ಈ ಗುಂಪು ಆಗ ಅದನ್ನು ಕೇಳಿಕೊಳ್ಳಲಿಲ್ಲ.

ಅಕ್ಕನ ಹಾಳೆ

2024ರ ಸಂಕ್ರಾಂತಿಯ ನಂತರ ಅಕ್ಕ ಆ ಪ್ರಶ್ನೆಯನ್ನು ಕೇಳಿದರು. ತಾವು ಕೆಲಸ ಮಾಡುವ ಕಚೇರಿಯಲ್ಲಿ ಒಂದು ಬಿಡಿಭಾಗದ ವಿನ್ಯಾಸ ಬದಲಾಗಲಿದೆ ಎಂದು ಗ್ರಾಹಕರಿಂದ ಪತ್ರ ಬಂದಾಗ ಮಾಡುವುದನ್ನೇ ಇಲ್ಲೂ ಮಾಡಿದರು. ಅಂಥ ಪತ್ರ ಬಂದಾಗ ಅನುಭವವಿಲ್ಲದವನು ಉತ್ಪಾದನೆ ನಿಲ್ಲಿಸುತ್ತಾನೆ. ಅನುಭವಸ್ಥನು, ಗೋದಾಮಿನಲ್ಲಿ ಎಷ್ಟಿದೆ, ದಾರಿಯಲ್ಲಿ ಎಷ್ಟಿದೆ, ಬದಲಾವಣೆ ಜಾರಿಯಾಗುವ ದಿನದವರೆಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿ ಅಲ್ಲಿಯವರೆಗಿನ ಉತ್ಪಾದನೆಯನ್ನು ಮುಂದುವರಿಸುತ್ತಾನೆ. ಅಕ್ಕ ಅಲ್ಲಿಯವರೆಗೆ ಪ್ರಕಟವಾಗಿದ್ದ ಬದಲಾವಣೆಗಳನ್ನು ಒಂದು ಹಾಳೆಯಲ್ಲಿ ಇಳಿಸಿ, ಪ್ರತಿಯೊಂದರ ಮುಂದೆ ನಮ್ಮ ಕಾರ್ಖಾನೆಯಲ್ಲಿ ಏನನ್ನು ಮುರಿಯುತ್ತದೆ, ಏನನ್ನು ಹಾಗೇ ಬಿಡುತ್ತದೆ ಎಂದು ಬರೆದರು. ಮುರಿಯುವ ಅಂಕಣದಲ್ಲಿ ಉಳಿದದ್ದು ಬಹಳ ಕಡಿಮೆ.

ಹಾಳೆಯ ನಿಜವಾದ ಫಲ ಅದಲ್ಲ. ಹಿಂದಿನ ನವೆಂಬರ್‌ನಲ್ಲಿ ವಲ್ಕೇನಸ್ ಎಂಬ ಲಾವಾದ ಗ್ರಹವನ್ನು ಪರಿಚಯಿಸಿದ ಟಿಪ್ಪಣಿ ಬಂದಿತ್ತು. ಬಂಡೆ ಒಡೆಯುವ ಸಿಡಿಮದ್ದು, ದೂರಗಾಮಿ ಫಿರಂಗಿಗಳಂಥ, ಇಂದಿನ ಆಟದಲ್ಲಿ ಮೊದಲ ಗ್ರಹದಲ್ಲೇ ಸಿಗುವ ಕೆಲವು ವಿದ್ಯೆಗಳನ್ನು ಅಲ್ಲಿಗೆ ಹೋದ ಮೇಲೆಯೇ ಗಳಿಸುವಂತೆ ಮಾಡಲಾಗಿತ್ತು. ಇದನ್ನು ಬರೆದುಕೊಳ್ಳುವಾಗ ಅಕ್ಕನಿಗೆ ಹೊಳೆದದ್ದೇನೆಂದರೆ, ಎಲ್ಲ ವಿದ್ಯೆಗಳನ್ನೂ ಗಳಿಸಿ ಮುಗಿಸಿದ ಹಳೆಯ ಕಾರ್ಖಾನೆಯೊಂದಿಗೆ ಆ ಗ್ರಹಗಳಿಗೆ ಹೋದರೆ ಅಲ್ಲಿ ಗಳಿಸಬೇಕಾದದ್ದು ಮೊದಲೇ ಕೈಯಲ್ಲಿರುತ್ತದೆ, ಹೋಗುವ ಅರ್ಥವೇ ಇರುವುದಿಲ್ಲ. ಅಂದರೆ ಸ್ಪೇಸ್ ಏಜ್ ಆಡಬೇಕಾದರೆ ಹೊಸದಾಗಿ, ಬರಿಗೈಯಿಂದ ಆರಂಭಿಸಲೇಬೇಕು. ಅಂದ ಮೇಲೆ ಹಳೆಯ ಕಾರ್ಖಾನೆಯ ಒಂದು ಹಳಿಯೂ ಹೊಸದಕ್ಕೆ ಹೋಗುವುದಿಲ್ಲ; ಹಾಕಿದರೂ ಹೋಗುವುದಿಲ್ಲ, ಹಾಕದಿದ್ದರೂ ಹೋಗುವುದಿಲ್ಲ. ‘ಮುಂದೆ ಕಿತ್ತಬೇಕು’ ಎಂಬ ತಮ್ಮನ ಲೆಕ್ಕ ನಿಂತದ್ದು, ಇಂದಿನ ಕೆಲಸ ಮುಂದಕ್ಕೆ ಸಾಗುತ್ತದೆ ಎಂಬ ಊಹೆಯ ಮೇಲೆ. ಆ ಊಹೆಯನ್ನು ತೆಗೆದರೆ ಉಳಿತಾಯವಾಗುವ ಶ್ರಮ ಎಂಬುದೇ ಇಲ್ಲ. ತಾಮ್ರದ ಹಳಿಗೆ ಇದ್ದ ಏಕೈಕ ಬೆಲೆ, ಬಿಡುಗಡೆಯವರೆಗಿನ ಶನಿವಾರಗಳಲ್ಲಿ ಐವರೂ ಕೂಡಿ ಆಡಲು ಅದು ಒದಗಿಸುತ್ತಿದ್ದ ಅವಕಾಶ. ಮತ್ತು ಆ ಶನಿವಾರಗಳನ್ನೇ ಅವರು ಕಳೆದುಕೊಳ್ಳುತ್ತಿದ್ದರು.

ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡ ಬಿಂದು ಇದು. ಹೊಸದು ಬರುತ್ತದೆಂದು ಇಂದಿನದನ್ನು ನಿಲ್ಲಿಸುವುದು ಕೆಲವೊಮ್ಮೆ ಸರಿಯಾದ ತೀರ್ಮಾನವೇ. ಹಳೆಯ ಸೇವ್ ಅನ್ನೇ 2.0ಕ್ಕೆ ಒಯ್ದು ಮುಂದುವರಿಸುವ ಉದ್ದೇಶವಿದ್ದವನಿಗೆ, ಹಳೆಯ ತಿರುವುಗಳ ದೊಡ್ಡ ಜಾಲವನ್ನು ಬಿಡುಗಡೆಗೆ ಮುಂಚೆ ಹಾಕುವುದು ನಿಜಕ್ಕೂ ವ್ಯರ್ಥವಾಗಬಹುದಿತ್ತು. ಹಳೆಯದನ್ನೇ ಮುಂದುವರಿಸುವವನಿಗೂ ಹೊಸದಾಗಿ ಆರಂಭಿಸುವವನಿಗೂ ಬರುವ ಸುದ್ದಿ ಒಂದೇ, ಉತ್ತರ ಬೇರೆ. ತಮ್ಮ ತನ್ನದಲ್ಲದ ಪ್ರಶ್ನೆಯ ಉತ್ತರವನ್ನು ಹಿಡಿದು ಕೂತಿದ್ದ. ಅವನನ್ನು ಸೋಮಾರಿ ಎನ್ನಲಾಗದು. ಸಾಫ್ಟ್‌ವೇರ್ ಕೆಲಸದಲ್ಲಿ ಬದಲಾಗಲಿರುವ ಭಾಗಕ್ಕೆ ಇಂದು ಪರೀಕ್ಷೆ ಬರೆಯಬೇಡ ಎಂಬುದು ದಿನನಿತ್ಯದ ವಿವೇಕ, ಅಲ್ಲಿ ಎಲ್ಲವೂ ಮುಂದಕ್ಕೆ ಸಾಗುತ್ತದೆ ಎಂಬುದೇ ಅದಕ್ಕೆ ಕಾರಣ.

ಹಾಳೆಯನ್ನು ಮುಂದಿಟ್ಟ ರಾತ್ರಿ ವಾದ ನಡೆಯಿತು. ಕಾಕಾ ಹಾಳೆಯನ್ನು ಓದಲೇ ಇಲ್ಲ. “ಸ್ವಂತ ಮನಿ ಕಟ್ಟಲಿಕ್ಕತ್ತೀವಿ ಅಂತ ಬಾಡಗಿ ಮನ್ಯಾಗ ಒಲಿ ಹಚ್ಚೂದು ಬಿಡ್ತೀವೇನೋ ತಮ್ಮಾ” ಎಂದರು. ಅಕ್ಕನ ಅಂಕಣಗಳು ಹೇಳಿದ್ದನ್ನೇ ಅವರು ಒಂದು ಮಾತಿನಲ್ಲಿ ಹೇಳಿದ್ದರೂ, ತಮ್ಮನನ್ನು ಒಪ್ಪಿಸಿದ್ದು ಅಂಕಣಗಳೇ. ಫೆಬ್ರುವರಿಯಲ್ಲಿ ತಾಮ್ರದ ಹಳಿ, ಹಳೆಯ ತಿರುವುಗಳೊಂದಿಗೆ, ಮುಗಿಯಿತು.

ಕಾಕಾರ ಪಂಪುಗಳು

ಕಾಕಾರ ಅನುಭವ ಮೇಲಿನ ವಾದಕ್ಕೆ ಒಂದು ಪರೀಕ್ಷೆಯಂತೆ ಒದಗಿತು. ತೈಲ ಶುದ್ಧೀಕರಣ ಅವರ ವಿಭಾಗ. ಹಳೆಯ ಆಟದಲ್ಲಿ ಪೈಪು ಉದ್ದವಾದಷ್ಟೂ ಹರಿವು ಕುಗ್ಗುತ್ತದೆ. ಸೆಕೆಂಡಿಗೆ 1200ರ ಹರಿವು ಬೇಕಾದರೆ ಎರಡು ಪಂಪುಗಳ ನಡುವೆ 17 ಪೈಪಿಗಿಂತ ಹೆಚ್ಚು ಇಡುವಂತಿಲ್ಲ. ಅಷ್ಟೇ ಅಲ್ಲ, ಕವಲೊಡೆದ ಪೈಪುಗಳಲ್ಲಿ ಯಾವ ಕವಲಿಗೆ ಎಷ್ಟು ಹೋಗುತ್ತದೆ ಎಂಬುದು ಕವಲುಗಳನ್ನು ಯಾವ ಕ್ರಮದಲ್ಲಿ ಕಟ್ಟಿದಿರಿ ಎಂಬುದನ್ನೂ ಅವಲಂಬಿಸುತ್ತಿತ್ತು. ಮೂವತ್ತು ವರ್ಷ ನಿಜವಾದ ಪೈಪುಗಳೊಂದಿಗೆ ಬದುಕಿದ ಮನುಷ್ಯನಿಗೆ ಇದು ಅವಮಾನವೆನಿಸುತ್ತಿತ್ತು. ಯುಗಾದಿಗೆ ಮುಂಚೆ ಅವರು ಇಡೀ ತೈಲದ ಮಾರ್ಗವನ್ನು ಕಿತ್ತು, ನೆಲದಡಿಯ ಪೈಪುಗಳನ್ನು ಬಳಸಿ, ಲೆಕ್ಕದ ಪ್ರಕಾರ ಪಂಪುಗಳನ್ನು ಕೂರಿಸಿ, ಪ್ರತಿ ಪಂಪಿಗೂ ವಿದ್ಯುತ್ ಎಳೆದು ಹೊಸದಾಗಿ ಕಟ್ಟಿದರು.

ಜೂನ್‌ನ ಟಿಪ್ಪಣಿ ದ್ರವಗಳ ಕುರಿತಾಗಿತ್ತು. 2.0ರಲ್ಲಿ ಹಳೆಯ ಹರಿವಿನ ಲೆಕ್ಕವನ್ನೇ ಕೈಬಿಟ್ಟು, ಒಂದಕ್ಕೊಂದು ಸೇರಿಕೊಂಡ ಪೈಪುಗಳನ್ನೆಲ್ಲ ಒಂದೇ ತೊಟ್ಟಿಯೆಂದು ಪರಿಗಣಿಸಲಾಗಿತ್ತು. ನಿರ್ದಿಷ್ಟ ವಿಸ್ತಾರವನ್ನು ಮೀರಿದಾಗ ಮಾತ್ರ ಪಂಪು ಬೇಕು. ಕಾಕಾ ಕೂರಿಸಿದ ಪಂಪುಗಳಲ್ಲಿ ಹೆಚ್ಚಿನವು ಹೊಸ ನಿಯಮದಲ್ಲಿ ಅನಗತ್ಯ. ವಿದ್ಯಾರ್ಥಿ ಟಿಪ್ಪಣಿಯನ್ನು ಗುಂಪಿಗೆ ಹಾಕಿ, “ಕಾಕಾರ, ನಿಮ್ಮ ಪಂಪೆಲ್ಲಾ ಹೋದ್ವಲ್ರೀ” ಎಂದು ಕೆಣಕಿದ. ಕಾಕಾರ ಉತ್ತರ ಹೀಗಿತ್ತು: “ನಮ್ಮ ಪಂಪು ದಿನಾ ದುಡ್ಯಾಕತ್ತಾವ. ಹೊಸಾದು ಬರೂ ತನಕಾ ದುಡದು ರಿಟಾಯರ್ ಆಗಲಿ.” ಆ ಮಾರ್ಗದ ಮೇಲೆಯೇ ಪ್ಲಾಸ್ಟಿಕ್ ಮತ್ತು ಗಂಧಕಾಮ್ಲದ ಉತ್ಪಾದನೆ ಇಮ್ಮಡಿಯಾಯಿತು, ಆಗಸ್ಟ್‌ನ ಒಂದು ಶನಿವಾರ ಕಾರ್ಖಾನೆ ನಿಮಿಷಕ್ಕೆ 1000ದ ಗುರಿಯನ್ನು ಮುಟ್ಟಿ, ಗಂಟೆಯೊಂದರವರೆಗೆ ಅಲ್ಲೇ ನಿಂತಿತು. ಬರಲಿರುವ ಬದಲಾವಣೆಯ ಸುದ್ದಿ ಮಾರ್ಚ್‌ನಲ್ಲೇ ಬಂದಿದ್ದರೆ ಕಾಕಾ ಕಟ್ಟುತ್ತಿದ್ದರೇ ಎಂದು ನಾನು ಕೇಳಿದೆ. ಪ್ರಶ್ನೆಯೇ ಅವರಿಗೆ ವಿಚಿತ್ರವಾಗಿ ಕಂಡಿತು. ಎಣ್ಣೆ ಬರುತ್ತಿರಲಿಲ್ಲ, ಕಟ್ಟಬೇಕಿತ್ತು, ಅಷ್ಟೆ.

ಹಣ, ಲ್ಯಾಪ್‌ಟಾಪು, ದಿನಾಂಕ

ಬಿಡುಗಡೆ ಅಕ್ಟೋಬರ್ 21 ಎಂದು ಜುಲೈಯಲ್ಲಿ ಪ್ರಕಟವಾಯಿತು. ಕಾಯುವಿಕೆಗೆ ಒಂದು ತುದಿ ಕಂಡ ಮೇಲೆ ಉಳಿದದ್ದು ವ್ಯಾವಹಾರಿಕ ಪ್ರಶ್ನೆಗಳು, ಮತ್ತು ಅವುಗಳಲ್ಲಿ ಮೊದಲನೆಯದು ವಿದ್ಯಾರ್ಥಿಯದು. ವಿಸ್ತರಣೆಯ ಬೆಲೆ ಮೂಲ ಆಟದ ಬೆಲೆಯಷ್ಟೇ, ಅಮೆರಿಕದಲ್ಲಿ 35 ಡಾಲರ್. ಹಬ್ಬದ ರಿಯಾಯಿತಿಗೆ ಕಾಯೋಣ ಎಂದು ಅವನು ಲೆಕ್ಕ ಹಾಕಿದ್ದ. ಇತರ ಆಟಗಳ ಮಟ್ಟಿಗೆ ಅದು ಸರಿಯಾದ ಲೆಕ್ಕ. ಇದರ ಮಟ್ಟಿಗೆ ಅಲ್ಲ, ಏಕೆಂದರೆ ವೂಬೆ ತನ್ನ ಆಟಕ್ಕೆ ಎಂದೂ ರಿಯಾಯಿತಿ ಕೊಡುವುದಿಲ್ಲ ಎಂದು ಮೊದಲಿನಿಂದಲೂ ಹೇಳಿಕೊಂಡೇ ಬಂದಿದೆ, ಕೊಟ್ಟೂ ಇಲ್ಲ. ಬೆಲೆ ಏರಿದ್ದುಂಟು: 20 ಡಾಲರ್ ಇದ್ದದ್ದು 2018ರಲ್ಲಿ 30, 2023ರ ಜನವರಿಯಲ್ಲಿ 35. ಇಲ್ಲಿ ಕಾದರೆ ಅಗ್ಗವಾಗುವ ಸಂಭವವಿಲ್ಲ, ದುಬಾರಿಯಾಗುವ ಸಂಭವವಿದೆ. ಸರ್ವರ್‌ನಲ್ಲಿ ಸ್ಪೇಸ್ ಏಜ್ ಇದ್ದರೆ ಸೇರುವ ಪ್ರತಿಯೊಬ್ಬನೂ ಅದನ್ನು ಕೊಂಡಿರಬೇಕಾದ್ದರಿಂದ, ಒಬ್ಬನ ಬಳಿ ಇಲ್ಲದಿದ್ದರೆ ಐವರ ಆಟ ನಾಲ್ವರದಾಗುತ್ತಿತ್ತು. ಕಾಕಾ ಮತ್ತು ಅಕ್ಕ ಕೂಡಿ ಅದನ್ನು ಅವನಿಗೆ ದೀಪಾವಳಿಯ ಉಡುಗೊರೆಯಾಗಿ ಕೊಟ್ಟರು.

ಲ್ಯಾಪ್‌ಟಾಪಿನ ಪ್ರಶ್ನೆಗೆ ಉತ್ತರ ತಾನಾಗಿ ಸಿಕ್ಕಿತು. ಹಳೆಯ ಕಾರ್ಖಾನೆ ಬೆಳೆದು ದೊಡ್ಡದಾದಂತೆ ಅವನ ಯಂತ್ರಕ್ಕೆ ಸೆಕೆಂಡಿಗೆ 60ರ ಲೆಕ್ಕ ಹಿಡಿಯಲಾಗದೆ, ಸರ್ವರ್‌ಗೆ ಸೇರುವಾಗಲೇ ಹಿಂದೆ ಬೀಳುತ್ತಿತ್ತು. ಹೊಸ ಆಟ ಬರಿಗೈಯಿಂದ ಶುರುವಾಗುವುದರಿಂದ ಮೊದಲ ಕೆಲವು ತಿಂಗಳು ಅವನಿಗೆ ತೊಂದರೆಯಿಲ್ಲ. ಐವರಲ್ಲಿ 2.0ಕ್ಕಾಗಿ ಕಾಯಲು ಗಟ್ಟಿಯಾದ ಕಾರಣವಿದ್ದವನು ಇವನೊಬ್ಬನೇ, ಮತ್ತು ಅದನ್ನು ಬಾಯಿ ಬಿಟ್ಟು ಹೇಳದವನೂ ಇವನೇ.

ಅಕ್ಟೋಬರ್ 21 ಸೋಮವಾರ. ಅಂದೇ ರಜೆ ಹಾಕಿ ಕೂರಬೇಕೆಂದು ತಮ್ಮ. ದೀಪಾವಳಿಯ ರಜೆಗೆ ಶುರುಮಾಡೋಣವೆಂದು ಅಕ್ಕ. ಹಬ್ಬ ಆ ವರ್ಷ ಅಕ್ಟೋಬರ್ 31ರಿಂದ, ಅಂದರೆ ಹತ್ತು ದಿನಗಳ ಅಂತರ. ದೊಡ್ಡ ಬಿಡುಗಡೆಯ ಬೆನ್ನಿಗೆ ದೋಷ ತಿದ್ದುವ ಸಣ್ಣ ಆವೃತ್ತಿಗಳು ಒಂದರ ಹಿಂದೊಂದು ಬರುತ್ತವೆ, ಎಲ್ಲರೂ ಒಂದೇ ಆವೃತ್ತಿಯಲ್ಲಿ ಇರಬೇಕಾದ ಆಟದಲ್ಲಿ ಅದು ಪ್ರತಿ ಸಂಜೆಯ ತಲೆನೋವು ಎಂಬುದು ಅಕ್ಕನ ವಾದ. ಒಪ್ಪಂದವೇನಾಯಿತೆಂದರೆ, ಆ ಹತ್ತು ದಿನ ಬೇಕಾದವರು ಒಬ್ಬರೇ ಆಡಿ ಕೈ ಪಳಗಿಸಿಕೊಳ್ಳಬಹುದು, ಆದರೆ ಮುಂದಿನ ಗ್ರಹಗಳಲ್ಲಿ ಕಂಡದ್ದನ್ನು ಉಳಿದವರಿಗೆ ಹೇಳುವಂತಿಲ್ಲ. ಮೊದಲ ಸಂಜೆಯೇ ತಮ್ಮನ ಕಂಪ್ಯೂಟರಿನಲ್ಲಿ ಆಟ ತಾನಾಗಿ ಹೊಸ ಸಣ್ಣ ಆವೃತ್ತಿಗೆ ಹೋಗಿ, ಸರ್ವರ್ ಹಳೆಯದರಲ್ಲೇ ಉಳಿದು, ಅವನು ಹೊರಗೇ ನಿಂತ. ಅಕ್ಕ ಸರ್ವರ್ ನಿಲ್ಲಿಸಿ ಎಲ್ಲರನ್ನೂ ಒಂದೇ ಆವೃತ್ತಿಗೆ ತರುವಷ್ಟರಲ್ಲಿ ಚಕ್ಕುಲಿಯ ಡಬ್ಬಿ ಖಾಲಿಯಾಗಿತ್ತಂತೆ.

ಬಿಡುಗಡೆಯ ನಂತರ

ಹಳೆಯ ಕಾರ್ಖಾನೆಯ ಸೇವ್ ಅನ್ನು 2.0ಕ್ಕೆ ಹಿಂದಿನ 1.1 ಆವೃತ್ತಿಯಲ್ಲೇ ಕಾಪಿಟ್ಟಿದ್ದಾರೆ. ಸ್ಟೀಮ್‌ನಲ್ಲಿ ಹಳೆಯ ಆವೃತ್ತಿಯನ್ನು ಆರಿಸಿಕೊಳ್ಳುವ ಅವಕಾಶವಿದೆ. ಅದರ ಒಂದು ಪ್ರತಿಯನ್ನು ಅಕ್ಕ ಕುತೂಹಲಕ್ಕಾಗಿ 2.0ರಲ್ಲಿ ತೆರೆದರು. ಸೇವ್ ತೆರೆಯಿತು, ರೈಲುಗಳು ಹಳೆಯ ತಿರುವುಗಳ ಮೇಲೆ ಓಡಿದವು, ರಾಕೆಟ್ಟಿನ ನಿಯಂತ್ರಣ ಘಟಕ ಎಂಬ ವಸ್ತುವನ್ನೇ ಹೊಸ ಆವೃತ್ತಿಯಿಂದ ತೆಗೆದುಹಾಕಿದ್ದರಿಂದ ಅದನ್ನು ಮಾಡುತ್ತಿದ್ದ ಯಂತ್ರಗಳ ಸಾಲಿಗೆ ಮಾತ್ರ ಕೆಲಸ ಉಳಿಯಲಿಲ್ಲ. ಹಾಳೆಯ ಮುರಿಯುವ ಅಂಕಣ ಒಟ್ಟಿನಲ್ಲಿ ಸರಿಯಾಗಿತ್ತು. ಒಮ್ಮೆ 2.0ರಲ್ಲಿ ಉಳಿಸಿದ ಸೇವ್ ಮತ್ತೆ 1.1ರಲ್ಲಿ ತೆರೆಯುವುದಿಲ್ಲವಾದ್ದರಿಂದ, ಪ್ರತಿ ಮಾಡಿಕೊಳ್ಳದೆ ಈ ಪರೀಕ್ಷೆಗೆ ಯಾರೂ ಇಳಿಯಬಾರದು.

ತಮ್ಮ ಇಂದಿಗೂ ಈ ಅಧ್ಯಯನದ ನಿರ್ಣಯವನ್ನು ಪೂರ್ತಿ ಒಪ್ಪಿಲ್ಲ. ಅವನ ಆಕ್ಷೇಪವನ್ನು ಇಲ್ಲಿ ದಾಖಲಿಸುವುದು ನ್ಯಾಯ. ಶ್ರಮ ವ್ಯರ್ಥವಾಗುತ್ತದೆ ಎಂಬುದು ತನ್ನ ಬಾಯಿಗೆ ಬಂದ ಕಾರಣವಷ್ಟೇ; ನಿಜವಾದ ಕಾರಣ, ಇನ್ನೊಂದು ದೊಡ್ಡ ರೈಲುಜಾಲ ಕಟ್ಟುವಷ್ಟು ಉತ್ಸಾಹ ತನ್ನಲ್ಲಿ ಒಂದೇ ಇತ್ತು, ಅದನ್ನು ಹಳೆಯದರ ಮೇಲೆ ಖರ್ಚು ಮಾಡಲು ಮನಸ್ಸಾಗಲಿಲ್ಲ ಎಂದು ಅವನು ಹೇಳುತ್ತಾನೆ. ಇದರಲ್ಲಿ ಹುರುಳಿದೆ. ಹಳಿ ಮುಂದಕ್ಕೆ ಸಾಗದಿದ್ದರೂ ಕಟ್ಟುವವನ ದಣಿವು ಸಾಗುತ್ತದೆ, ಮತ್ತು ಅಕ್ಕನ ಹಾಳೆಯಲ್ಲಿ ಅದಕ್ಕೆ ಅಂಕಣವಿರಲಿಲ್ಲ. ಫುಲ್ಗೋರಾ ಎಂಬ, ಗುಜರಿಯೇ ಗಣಿಯಾಗಿರುವ, ಎಣ್ಣೆಯ ಸಮುದ್ರದ ನಡುವೆ ದ್ವೀಪಗಳಾಗಿ ಒಡೆದ ಗ್ರಹದಲ್ಲಿ ಅವನು ಕಂಬಗಳ ಮೇಲೆ ಹಾಯಿಸಿದ ಹಳಿಗಳು, ಗುಂಪಿನಲ್ಲಿ ಈವರೆಗೆ ಯಾರೇ ಕಟ್ಟಿದ ಅತ್ಯುತ್ತಮ ವಸ್ತು ಎಂಬುದನ್ನು ಕಾಕಾರೂ ಒಪ್ಪುತ್ತಾರೆ. ಆದರೆ ತನ್ನ ಉತ್ಸಾಹವನ್ನು ಕಾದಿಡುವ ಹಕ್ಕು ಅವನಿಗಿದ್ದರೂ, ತಾಮ್ರದ ಹಳಿಯನ್ನು ಬೇರೆಯವರ ಕೈಗೆ ಕೊಡದೆ ಕಾದಿಡುವ ಹಕ್ಕು ಇರಲಿಲ್ಲ. ಪಾಳಿಯವನು ಆ ನವೆಂಬರ್‌ನಲ್ಲೇ ತಾನು ಹಳಿ ಹಾಕುತ್ತೇನೆ ಎಂದು ಎರಡು ಸಲ ಬರೆದಿದ್ದ, ಉತ್ತರ ಬಂದಿರಲಿಲ್ಲ. ಈಗ ವೆರ್ಣಾದಿಂದ ಸೇರುವ ಅವನು, ಹಣ್ಣು ಕೊಳೆಯುವುದರೊಳಗೆ ಸಂಸ್ಕರಿಸಬೇಕಾದ ಗ್ಲೀಬಾ ಗ್ರಹವನ್ನು ತನಗೊಬ್ಬನಿಗೇ ಬಿಡಬೇಕೆಂದು ಕೇಳಿ ಪಡೆದಿದ್ದಾನೆ. ಯಾವುದೇ ಕೆಲಸ ಎರಡು ಶನಿವಾರ ನಿಂತರೆ ಅದನ್ನು ಬೇರೆಯವರು ಎತ್ತಿಕೊಳ್ಳಬಹುದು ಎಂಬ ಸಾಲನ್ನು ಅಕ್ಕ ಹಾಳೆಯ ಕೊನೆಗೆ ಸೇರಿಸಿದ್ದಾರೆ. ತಮ್ಮ ಅದಕ್ಕೆ ಸಹಿ ಹಾಕಿದ್ದಾನೆ, ಮೂರು ಶನಿವಾರ ಎಂದು ತಿದ್ದಿ.